ಕಮಾನಿನ ಕೆಳಗೊಂದು ಚುಕ್ಕಿ

ಮೂವತ್ತೊಂದು ವರ್ಷ ತ್ರಿಯೆಸ್ತೆಯ ಏರಿಳಿತದಲ್ಲಿ
ಬಸ್ಸು ಓಡಿಸಿದವನು ನಾನು, ನೆರೆಯೊ ಬಾಬಿಚ್.
ಈಗ ಮಂಗಳವಾರ ನಾಲ್ಕಕ್ಕೆ
ಜ್ದೆಂಕಾ ಪೆರ್ತೋತ್ ಅವರ ಮೂರನೇ ಮಹಡಿ ಹತ್ತಿ
ಕಪ್ಪು ಬಿಳುಪು ಮಣೆಗಳ ಮುಂದೆ
ಉಗುರು ಕತ್ತರಿಸಿದ ಹುಡುಗನಂತೆ ಕೂರುತ್ತೇನೆ.

‘ಪದಗಳೆಲ್ಲ ನಿಮ್ಮವೇ, ನಿಮಗೇನು ಕಷ್ಟ?’
ಮೊದಲ ದಿನ ನಕ್ಕಿದ್ದರು.
ನಿಜ. ಲೋಕವೆಲ್ಲ ಬಾಯಿಪಾಠ ಮಾಡುವ ಮಾತು
ನಮ್ಮಮ್ಮನ ಅಡುಗೆಮನೆಯಲ್ಲಿ ಬಿದ್ದಿರುತ್ತಿತ್ತು.
ಪಿಯಾನೋ ಅಂದರೆ ಮೆಲ್ಲಗೆ:
ಅಪ್ಪ ರಾತ್ರಿಪಾಳಿ ಮುಗಿಸಿ ಮಲಗಿದ್ದಾನೆ, ಬಾಗಿಲು ಮೆಲ್ಲಗೆ.
ಫೋರ್ತೆ ಅಂದರೆ ಜೋರು: ಜನವರಿಯ ಬೋರಾ ಗಾಳಿ.
ಲೆಗಾತೋ ಅಂದರೆ ಕಟ್ಟಿಹಾಕಿದ್ದು: ನಮ್ಮ ನಾಯಿ.
ಹಾಳೆಯ ಮೇಲೆ ಬಂದಾಗ ಮಾತ್ರ
ಮದುವೆಗೆಂದು ಸೂಟು ತೊಟ್ಟ ಬೀದಿಯ ಕಟುಕನಂತೆ
ಗುರುತೇ ಸಿಗುವುದಿಲ್ಲ.

ಇನ್ನು ಚಿಹ್ನೆಗಳು.
ಐದು ತಂತಿಯ ಬೇಲಿ, ಬಾಗಿಲಲ್ಲೇ
ಸುರುಳಿ ಸುತ್ತಿಕೊಂಡ ಕೀಲಿ;
ಎಡಗೈಯದು ಬೇರೆ, ಕಿವಿಯಂತೆ ಬಾಗಿದ್ದು,
ಪಕ್ಕದಲ್ಲಿ ಎರಡು ಚುಕ್ಕಿಯ ಓಲೆ.
ಸುಮ್ಮನಿರುವುದಕ್ಕೂ ಗುರುತು ಇದೆಯೆಂದು
ಅರವತ್ತಾರರ ತನಕ ನನಗೆ ಯಾರೂ ಹೇಳಿರಲಿಲ್ಲ:
ಗೆರೆಯಿಂದ ಜೋತುಬಿದ್ದರೆ ನಾಲ್ಕೆಣಿಕೆ ಮೌನ,
ಗೆರೆಯ ಮೇಲೆ ಟೋಪಿಯಂತೆ ಕೂತರೆ ಎರಡು.
ಎಣಿಸುವಾಗ ತುಟಿ ಅಲ್ಲಾಡುತ್ತದೆ.
ಅವರು ನೋಡದ ಹಾಗೆ ನೋಡುತ್ತಾರೆ.

ಪೆಡಲಿನ ಮಾತು ಬಂದಾಗ ಹುರುಪಾಯಿತು.
ಆದರೆ ನನ್ನ ಬಲಗಾಲು ಹಳೆಯ ಚಾಕರಿ ಬಿಡದು,
ಸ್ವರ ಹರಿಯಬೇಕಾದಲ್ಲಿ
ಬ್ರೇಕು ಒತ್ತುತ್ತದೆ.

ರುಬಾತೋ: ಕದ್ದ ಹೊತ್ತು.
‘ಅದು ನನಗೆ ಬರುತ್ತದೆ’ ಅಂದೆ.
‘ಕೊನೆಯ ಸ್ಟಾಪಿನಲ್ಲಿ ಎರಡು ನಿಮಿಷ ಕದ್ದು ಕಾಫಿ,
ಇಳಿಜಾರಿನಲ್ಲಿ ವಾಪಸು.’
‘ತೀರಿಸುತ್ತಿದ್ದಿರಿ ತಾನೆ? ಹಾಗಾದರೆ ಬರುತ್ತದೆ.’

ಇವತ್ತು ಲೈಪ್‌ಜಿಗ್‌ನಲ್ಲಿ ಅಚ್ಚಾದ,
ಅವರ ಮಾವನ ಕಾಲದ ಪುಸ್ತಕ ತೆರೆದರು.
ಸ್ವರದ ನೆತ್ತಿಯ ಮೇಲೆ ಒಂದು ಕಮಾನು,
ಕಮಾನಿನ ಕೆಳಗೊಂದು ಚುಕ್ಕಿ. ಹೆಸರು ಫೆರ್ಮಾತಾ.
‘ಬಸ್ ಸ್ಟಾಪು!’ ಅಂದುಬಿಟ್ಟೆ.
‘ಇಲ್ಲಿಯವರು ಅದನ್ನು ಕಿರೀಟ ಅನ್ನುತ್ತಾರೆ’ ಎಂದರು ಟೀಚರು,
‘ಹೊರಗಿನವರಿಗಷ್ಟೇ ಅದು ಸ್ಟಾಪು.’
ಇರಬಹುದು. ನನಗೆ ಕಂಡದ್ದು ಬಾಗಿದ ತಗಡಿನ ಮಾಡು,
ಅಡಿಯಲ್ಲಿ ಒಬ್ಬರೇ ನಿಂತ ಯಾರೋ.

‘ಎಷ್ಟು ಹೊತ್ತು ನಿಲ್ಲಬೇಕು?’
‘ಬರೆದಿಲ್ಲ.’
‘ಕಡಿಮೆಯೆಂದರೆ?’
‘ಬರೆದಿಲ್ಲ ಅಂದೆನಲ್ಲ. ನಿಮಗೆ ಸಾಕೆನಿಸುವಷ್ಟು.’

ಸಾಕೆನಿಸುವಷ್ಟು!
ಡಿಪೋದಲ್ಲಿ ಈ ಮಾತು ಆಡಿದ್ದರೆ ಸಂಬಳ ಕತ್ತರಿಸುತ್ತಿದ್ದರು.
ಒಂದು ನವೆಂಬರು, ಸ್ಮಶಾನದ ಗೇಟಿನ ಸ್ಟಾಪು,
ಆರು ನಿಮಿಷ ತಡವಾಗಿತ್ತು.
ಕನ್ನಡಿಯಲ್ಲಿ ಕಂಡಳು: ಗಾಳಿಗೆ ಎದುರಾಗಿ
ಕೊಡೆ ಮುರಿದ ಮುದುಕಿ, ಬಂದಳು, ಬಂದಳು,
ಇನ್ನು ಹತ್ತು ಹೆಜ್ಜೆ.
ಬಾಗಿಲು ಹಾಕಿದೆ.
ದೂರು ಬರಲಿಲ್ಲ. ಹೆಸರೂ ಗೊತ್ತಿಲ್ಲ.
ಮುಂದಿನ ಬಸ್ಸು ಇಪ್ಪತ್ತು ನಿಮಿಷಕ್ಕೆ ಇತ್ತು,
ಹತ್ತಿರಬೇಕು.

‘ನುಡಿಸಿ’ ಅಂದರು, ಹಾಲು ಉಕ್ಕುವ ಸದ್ದಿಗೆ ಒಳಗೆ ಓಡಿದರು.
ನುಡಿಸಿದೆ. ಕಮಾನಿನ ಕೆಳಗೆ ಬಂದೆ.
ಬೆರಳು ಎತ್ತಲಿಲ್ಲ.
ಎತ್ತದಿದ್ದರೂ ಪಿಯಾನೋದ ಸ್ವರ
ತಾನಾಗಿ ಸಣ್ಣಗಾಗುತ್ತದೆ, ಇದನ್ನೂ ಯಾರೂ ಹೇಳಿರಲಿಲ್ಲ.
ಸಣ್ಣಗಾಗಿ, ಇನ್ನೂ ಸಣ್ಣಗಾಗಿ,
ಕೆಳಗೆ ಬೀದಿಯಲ್ಲಿ ಒಂದು ಬಸ್ಸು ಉಸಿರುಬಿಟ್ಟು ನಿಂತದ್ದು ಕೇಳಿಸಿತು.

‘ಮುಂದೆ ಹೋಗಿ, ನೆರೆಯೊ!’ ಒಳಗಿನಿಂದ ಕೂಗು.
‘ಸ್ವಲ್ಪ ತಾಳಿ’ ಅಂದೆ.