ಇಪ್ಪತ್ತಮೂರು, ಎರಡನೆಯ ಸಲ

ಬರ್ಮಿಂಗ್‌ಹ್ಯಾಮಿನ ವೈಸ್ ಬೀದಿ, ಮೂರನೆಯ ಮಹಡಿ.
ಕಿಟಕಿ ಉತ್ತರಕ್ಕೆ, ಬೆಳಕು ಸುಳ್ಳಾಡದ ಕಡೆಗೆ.
ನಾನು ಹರಳು ಕೂರಿಸುವವಳು; ಪಕ್ಕದ ಮೇಜು
ಡೋರೀನ್ ಟ್ರಾಂಟರಳದು.
ವಾಚಿನ ಬೆನ್ನಿಗೆ ಅಂಕಿ ಕೆತ್ತುತ್ತಾಳೆ:
ಐವತ್ತರಲ್ಲಿ ಒಂದು, ಐವತ್ತರಲ್ಲಿ ಎರಡು,
ಹೀಗೆ ವರ್ಷಕ್ಕೆ ಐವತ್ತು.
ಐವತ್ತೊಂದು ಎಂಬ ಅಂಕಿ
ಈ ಕೋಣೆಯಲ್ಲಿ ಯಾರಿಗೂ ಬಾರದು.

ಬಾರದೆ ಏನು?
ಉಕ್ಕು ಮೂಲೆಯಲ್ಲಿ ಮೊಣಕಾಲೆತ್ತರ ಬಿದ್ದಿದೆ,
ಲೇತು ಮಧ್ಯಾಹ್ನ ಮೂರಕ್ಕೇ ಸುಮ್ಮನಾಗುತ್ತದೆ,
ಹುಡುಗರು ಕೆಳಗಿಳಿದು ಸಿಗರೇಟು ಸೇದುತ್ತಾರೆ.
ಇನ್ನೂರು ಮಾಡಬಹುದಲ್ಲ, ಅಂದೆ ಒಮ್ಮೆ.
ಯಜಮಾನ ಹಿಂಗ್ಲಿ ನಕ್ಕ,
ಮಗು ಬಟ್ಟೆ ತಿರುವುಮುರುವು ತೊಟ್ಟು ಬಂದಾಗ ನಗುವ ಹಾಗೆ.
"ಇನ್ನೂರಾದರೆ ಅದು ಬರೀ ವಾಚು" ಅಂದ.

ಹಿತ್ತಲ ಗಿಡ ಮದ್ದಲ್ಲ, ಗೊತ್ತಿದ್ದ ಮಾತೇ.
ಆದರೆ ಹಿತ್ತಲಿಗೆ ಬೇಲಿ ಬಿಗಿದು, ಬೀಗ ಜಡಿದು,
ಏಳು ವರ್ಷ ಕಾದವನ ಕೈಗೆ
ಒಂದೇ ಒಂದು ಎಲೆ ಹಾಕಿದರೆ
ತುಂಬೆಯೂ ಸಂಜೀವಿನಿ. ಇದು ನಾನಿಲ್ಲಿ ಕಲಿತದ್ದು.

ಕಾಯುವವರ ಪಟ್ಟಿಗೆ ನೀಲಿ ರಟ್ಟಿನ ಪುಸ್ತಕ.
ಸಾಲಿಹಲ್ಲಿನ ಹಲ್ಲು ವೈದ್ಯನೊಬ್ಬ
ಹನ್ನೊಂದನೆಯ ಪುಟದಲ್ಲಿ ಕಾಯುತ್ತಲೇ ತೀರಿಕೊಂಡ.
ಸರದಿ ಮಗಳಿಗೆ ಬಂತು, ಮನೆ ಬಂದ ಹಾಗೆ.
ಅವಳು ಸಹಿ ಹಾಕಿ, ಪೆಟ್ಟಿಗೆ ಬಿಚ್ಚಿಯೂ ನೋಡದೆ
ಬೀದಿಯ ಕೊನೆಯ ಅಂಗಡಿಗೆ ಮೂರು ಪಟ್ಟಿಗೆ ಮಾರಿ
ಬಸ್ಸು ಹತ್ತಿದಳು.
ಅದೀಗ ಯಾವುದೋ ಲಾಕರಿನ ಕತ್ತಲಲ್ಲಿ
ಹತ್ತೂ ಹತ್ತಕ್ಕೆ ನಿಂತಿದೆಯಂತೆ.

ಕೂಡುರಸ್ತೆಯಲ್ಲೊಂದು ಕಬ್ಬಿಣದ ಗಡಿಯಾರ ಕಂಬ.
ಪಾರಿವಾಳ, ಪೋಸ್ಟಿನವ, ಬೆಳಗಿನ ಕುಡುಕ,
ಕೇಳಿದವರಿಗೆಲ್ಲ ಹೇಳುತ್ತದೆ, ಕೇಳದವರಿಗೂ.

ಮಾರ್ಚಿಯ ಒಂದು ಗುರುವಾರ
ಮೊಟ್ಟೆಯ ಸ್ಯಾಂಡ್‌ವಿಚ್ ತಿಂದು, ಕೈ ಒರೆಸಿ ಕೂತು
ಡೋರೀನ್ ಮತ್ತೆ ಇಪ್ಪತ್ತಮೂರನ್ನೇ ಕೆತ್ತಿದಳು.
ನಲವತ್ತಾರು ವರ್ಷದಲ್ಲಿ ಮೊದಲ ತಪ್ಪು.
ಎರಡರ ಬಾಲ ಅದೇ ಬಳುಕು, ಮೂರರ ಹೊಟ್ಟೆ ಅದೇ ಗುಂಡು.
"ಕರಗಿಸಿಬಿಡು" ಅಂದ ಹಿಂಗ್ಲಿ, ಬಾಗಿಲು ಹಾಕಿಕೊಂಡು.
ಹೊಸ ಮುಚ್ಚಳ ಬಂತು, ಇಪ್ಪತ್ತನಾಲ್ಕಾಯಿತು.
ಹಳೆಯದು ಅವಳ ಏಪ್ರನ್ನಿನ ಜೇಬಿನಲ್ಲೇ ಉಳಿಯಿತು.

ಮಾತಿಗೆ ಕಾಲು ಬರಲು ಎಷ್ಟು ಹೊತ್ತು?
ಏಪ್ರಿಲ್ಲಿನಲ್ಲಿ ಓಲ್ಡೇಕರ್ ಎಂಬೊಬ್ಬ ಏದುಸಿರಿನಲ್ಲಿ
ಮೂರು ಮಹಡಿ ಹತ್ತಿ ಬಂದ.
ಮಣಿಕಟ್ಟಿನಲ್ಲಿ ಅಸಲಿ ಇಪ್ಪತ್ತಮೂರು.
ಇನ್ನೊಂದು ಇದೆಯಂತಲ್ಲ, ಅಂದ. ಅತ್ತಿಯ ಹೂ ಕಂಡವನ ಕಣ್ಣು.
ನಾಲ್ಕು ಸಾವಿರ ಪೌಂಡು, ಈಗಲೇ, ನಗದು.

ಡೋರೀನ್ ಮಸೂರಕ್ಕೆ ಹಬೆ ಊದಿ ಒರೆಸಿದಳು.
"ನಿನ್ನೆ ನಲವತ್ತೊಂದನ್ನೂ ಎರಡು ಸಲ ಕೆತ್ತಿದೆ, ಮಾರಾಯ.
ಅದೂ ಬೇಕೆ?"

ನಾಲ್ಕು ಸಾವಿರ ಎರಡಾಗುವ ಸದ್ದು
ನನ್ನ ಮೇಜಿನವರೆಗೂ ಕೇಳಿಸಿತು.
"ಯಾರಿಗೂ ಹೇಳಬೇಡಿ" ಅಂದ, ಬೇಡುವವನಂತೆ.
ಇಳಿದು ಹೋದ, ಒಂದು ಕೈಗವಸು ಮರೆತು.

ನಲವತ್ತೊಂದರ ಮಾತು ಸುಳ್ಳೋ ನಿಜವೋ
ನಾನು ಕೇಳಲಿಲ್ಲ.
ಈಚೆಗೆ ಅವಳ ಉಳಿ ಮೊದಲ ಗೀರಿಗೆ ಮುನ್ನ
ಕ್ಷಣ ಹೊತ್ತು ಗಾಳಿಯಲ್ಲೇ ತಡವರಿಸುತ್ತದೆ.
ಕಲಿಯಲು ಬಂದ ಹುಡುಗ ಎರಡೇ ವಾರಕ್ಕೆ ಬಿಟ್ಟ.

ಮುಚ್ಚಳ ಈಗ ನನ್ನ ಮನೆಯಲ್ಲಿದೆ.
"ತಗೋ" ಅಂತ ಕೊಟ್ಟಳು ಒಂದು ಸಂಜೆ,
ಬಸ್ಸಿಗೆ ಚಿಲ್ಲರೆ ಕೊಟ್ಟ ಹಾಗೆ.
ಕುಂಕುಮದ ಭರಣಿಯ ಮುಚ್ಚಳ ಕಳೆದು ವರ್ಷವಾಗಿತ್ತು,
ಇಟ್ಟು ನೋಡಿದೆ, ಕೂತಿತು. ಸ್ವಲ್ಪ ಅಲ್ಲಾಡುತ್ತದೆ, ಇರಲಿ.
ದಿನಾ ಬೆರಳು ತಾಗಿ ತಾಗಿ
ಗೀರಿನೊಳಗೆಲ್ಲ ಕೆಂಪು ಇಳಿದಿದೆ;
ಇಪ್ಪತ್ತಮೂರು ಈಗ
ಕನ್ನಡಕವಿಲ್ಲದೆಯೂ ಕಾಣುತ್ತದೆ.