ಕೋಲಿನ ಬದಿ

ಏಳನೆಯ ನಕ್ಷೆಯನ್ನೂ ಸುರುಳಿ ಸುತ್ತಿಕೊಂಡು
ದಕ್ಕೆಯ ದಾರಿಗೆ ಇಳಿದೆ.
ಊರಿಗೊಂದು ಹೊಸ ಬಾವುಟ ಬೇಕಂತೆ.
ಹಳೆಯದರಲ್ಲಿ ಇದ್ದದ್ದು ಒಂದು ಮುದ್ರೆ,
ಮುದ್ರೆಯೊಳಗೆ ಇನ್ನೊಂದು ಮುದ್ರೆ,
ಅದರ ಕೆಳಗೆ ಯಾರೂ ಓದದ ಒಂದು ಸಾಲು,
ಇಸ್ತ್ರಿ ಹಾಕಿದ ಸುತ್ತೋಲೆಯ ಹಾಗೆ.

ಸಮಿತಿಯಲ್ಲಿ ಒಂಬತ್ತು ಜನ.
ಒಬ್ಬರಿಗೆ ಹೆಂಚು ಬೇಕು, ಒಬ್ಬರಿಗೆ ಅಂಕದ ಕೋಳಿ,
ಸಿಂತಿಯಾ ಮೇಡಮ್ಮಿಗೆ ಮಲ್ಲಿಗೆಯ ಚೆಂಡು.
ಕಂಬಳದ ಕೋಣ ಓಡುವುದಾದರೆ
ಎಡಕ್ಕೋ ಬಲಕ್ಕೋ ಎಂಬಲ್ಲಿಗೆ ಒಂದು ಮಧ್ಯಾಹ್ನ ಹೋಯಿತು.
ನಾನು ಶಾಲೆಯ ಡ್ರಾಯಿಂಗ್ ಮಾಸ್ಟರು,
ಎಲ್ಲವನ್ನೂ ಬರೆದೆ.
ಭೂತಗನ್ನಡಿ ಹಿಡಿದರೆ ಎಲ್ಲವೂ ಕಾಣುತ್ತದೆ.

ಮೋನಬ್ಬನ ಅಂಗಡಿ ಮಂಜುಗಡ್ಡೆ ಕಾರ್ಖಾನೆಯ ಹಿಂದೆ.
ನಲವತ್ತು ವರ್ಷ ಬೋಟುಗಳಿಗೆ ಬಾವುಟ ಹೊಲಿದ ಕೈ
ನನ್ನ ಕಾಗದದ ಮೇಲೆ ಚಾಕು ಇಡದೆ, ಚಾಕ್ ಇಟ್ಟಿತು.
"ಎಂತ ಮಾರಾಯ್ರೆ, ಇದು ಬಾವುಟವಾ, ಮದುವೆ ಕಾಗದವಾ?
ಈ ಕೋಳಿಯ ಜುಟ್ಟಿಗೇ ಒಂದು ಉಂಡೆ ನೂಲು.
ಅಕ್ಷರ ಬೇರೆ ಹಾಕಿದ್ದೀರಿ. ಹಿಂದಿನಿಂದ ನೋಡುವವನಿಗೆ
ನಿಮ್ಮ ಊರು ತಿರುಗಾಮುರುಗಾ.
ಗಾಳಿಗೆ ಹಿಂದು ಮುಂದು ಉಂಟಾ?"

ಹಾಗಾದರೆ ಬಣ್ಣ ಮಾತ್ರ ಇರಲಿ ಎಂದೆ.
ಕಪಾಟಿನಿಂದ ಒಂದು ಥಾನು ಎಳೆದು ಹಾಸಿದ.
ನಾನು ಹಸಿರು ಅಂದೆ, ಅವನು ಪಚ್ಚೆ ಅಂದ,
ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಸೆವ್ರಿನ್ ಬಾಯಿ
ತಲೆಯೆತ್ತದೆ ಪಾಚ್ವೊ ಅಂದಳು.
ಬಟ್ಟೆ ಯಾರನ್ನೂ ತಿದ್ದಲಿಲ್ಲ.
ಮೀಟರಿಗೆ ಅರುವತ್ತೆಂಟು ರೂಪಾಯಿ.

"ಕೆಂಪು ಮೊದಲು ಬಿಡ್ತದೆ, ಉಪ್ಪಿಗೆ ಅದರ ಮೇಲೆ ಆಸೆ.
ಹರಿಯುವುದು ಯಾವಾಗಲೂ ಆಚೆ ತುದಿ.
ಮೂರು ತಿಂಗಳಿಗೆ ಒಂದು ಗೇಣು ಗಾಳಿಯ ಪಾಲು.
ಹೋಗಬಾರದ್ದು ಯಾವುದೋ, ನೋಡಿ,
ಅದನ್ನು ಕೋಲಿನ ಬದಿಗೆ ಇಡಿ."
ಇಷ್ಟು ಹೇಳಿ ಬೀಡಿ ಹುಡುಕಿದ.

ಇದನ್ನೇ ಸಮಿತಿಗೆ ಒಯ್ದೆ. ತಪ್ಪಾಯಿತು.
ಅಲ್ಲಿಯವರೆಗೆ ಒಂದು ಮೂಲೆ ಸಿಕ್ಕರೆ ಸಾಕೆಂದವರು
ಎದ್ದು ನಿಂತರು, ಎಲ್ಲರಿಗೂ ಕೋಲಿನ ಬದಿಯೇ ಬೇಕು.
ಚಹಾ ತಣಿಯಿತು, ಗೋಳಿಬಜೆ ಚರ್ಮವಾಯಿತು.
ಎರಡೂ ಬದಿ ಕೋಲು ಇಟ್ಟರಾಗದೇ ಎಂದರು ಯಾರೋ.
"ಆಗ ಅದು ಬ್ಯಾನರು" ಎಂದರು ಅಧ್ಯಕ್ಷರು,
ಆ ವರ್ಷ ಅವರು ಆಡಿದ ಒಂದೇ ಸರಿಯಾದ ಮಾತು.

ಸೋಣದ ಸಂಜೆ. ಬೆಂಗ್ರೆಗೆ ಹೋಗುವ ದೋಣಿ.
ಅಳಿವೆಯ ಬಾಯಲ್ಲಿ ಎರಡು ಹೊಳೆಗಳ ಕೆಂಪು ನೀರು
ಸಮುದ್ರದ ಬೂದಿಗೆ ತಾಗುವಲ್ಲಿ ಒಂದು ಗೆರೆ,
ಯಾವ ಸೂಜಿಯೂ ಕಾಣದ ಹೊಲಿಗೆ.
ಪೆನ್ಸಿಲು ತೆಗೆಯುವಷ್ಟರಲ್ಲಿ ಅದು
ಒಂದು ಮಾರು ಆಚೆ ಸರಿದಿತ್ತು.
ಪಕ್ಕದಲ್ಲಿ ಖಾಲಿ ಬುಟ್ಟಿಯ ಹೆಂಗಸು ಇಣುಕಿ ನೋಡಿ
"ಬರೆದು ಎಂತ ಮಾಡ್ತೀರಿ, ನಾಳೆ ಬೇರೆ ಇರ್ತದೆ" ಅಂದಳು.

ಆಗ ಎದುರಿಗೆ ಒಂದು ಬೋಟು ಒಳಬಂತು.
ಮೇಲೆ ಮೋನಬ್ಬನ ಕೈಯದೇ ಬಾವುಟ,
ಆಚೆ ತುದಿ ಹರಿದು
ಯಾವುದೋ ಹಳದಿ ಸೀರೆಯ ತೇಪೆ.
ಹೆಸರು ಓದಲಾಗದಷ್ಟು ದೂರ.
ಅವಳು ಎದ್ದು ನಿಂತು ಆ ತೇಪೆ ನೋಡಿ
"ಓ, ನಮ್ಮದೇ" ಅಂದಳು.
ನಾನು ರಬ್ಬರಿಗಾಗಿ ಕಿಸೆ ತಡಕುತ್ತಿದ್ದೆ.