ನಲವತ್ತೆರಡು ದಿನ

ವೈದ್ಯ ಬರೆದುಕೊಟ್ಟದ್ದು ನಲವತ್ತೆರಡು ದಿನ.
ಬೆರಳನ್ನು ಕೇಳಿ ಬರೆದದ್ದಲ್ಲ.

ಕೆಯೋನ್ ಬಂದರಿನ ಕಾರ್ಖಾನೆಯಲ್ಲಿ
ಸಾಲ್ಮನ್ ಮೀನಿನ ಬೆನ್ನು ಸೀಳುವ ಯಂತ್ರ
ನನ್ನ ತೋರುಬೆರಳನ್ನೂ ಮೀನೆಂದುಕೊಂಡಿತು, ಅಷ್ಟೆ.

ಮೊದಲ ವಾರ ಬರೀ ನಿದ್ದೆ.
ಆಮೇಲೊಂದು ನಸುಕಿನಲ್ಲಿ, ನಾಲ್ಕೂವರೆಗೆ,
ಕಂಪನಿ ಬಸ್ಸು ಹಾರ್ನ್ ಹೊಡೆದಾಗ
ಕಾಲು ತಾನಾಗಿಯೇ ಬೂಟು ಹುಡುಕಿತು.
ಬೈದು ಮಲಗಿಸಿದೆ.

ಎಡಗೈಯಲ್ಲಿ ಆಲೂಗಡ್ಡೆ ಸುಲಿಯಲು ಕಲಿತೆ:
ಸಿಪ್ಪೆ ದಪ್ಪ, ಗಡ್ಡೆ ಸಣ್ಣ.
"ಹಂದಿಗೇ ಲಾಭ" ಎಂದ ಗಂಡ, ಎಲಿಯೋಡೋರೊ,
ನಗಬಾರದೆಂದು ಕಿಟಕಿಯಾಚೆ ನೋಡುತ್ತ.

ವಿಮೆಯವಳು ಫೋನಿನಲ್ಲಿ ಕೇಳುತ್ತಾಳೆ:
ನೋವು ಹತ್ತರಲ್ಲಿ ಎಷ್ಟು?
ಉಳಿದ ಬೆರಳುಗಳದೋ, ಹೋದದ್ದರದೋ?
ಅವಳ ಹಾಳೆಯಲ್ಲಿ ಇರುವುದು ಒಂದೇ ಚೌಕ.
ಐದು ಎನ್ನುತ್ತೇನೆ,
ಒಂದು ಕೈಗೆ ಇರಬೇಕಾದಷ್ಟು.

ಮೂವತ್ತೊಂದನೆಯ ರಾತ್ರಿ ಬಾಗಿಲು ತಟ್ಟಿದವಳು
ನನ್ನ ಜಾಗಕ್ಕೆ ಬಂದ ಹುಡುಗಿ, ಯೆಸೆನಿಯಾ.
ಹತ್ತೊಂಬತ್ತಿರಬೇಕು.
ಮೈಯೆಲ್ಲ ಮೀನಿನ ವಾಸನೆ,
ನನ್ನನ್ನು ಬಿಟ್ಟುಹೋದ ಅದೇ ವಾಸನೆ.
ಕೂರಲಿಲ್ಲ. ಚಹಾ ಬೇಡವೆಂದಳು.
"ಅಲಗು ಯಾವ ಕಡೆಗೆ ಎಳೆಯುತ್ತದೆ, ಸೆನ್ಯೋರಾ?"

ಸಿಟ್ಟು ಬರಬೇಕಿತ್ತು.
ಹೇಳಹೋದರೆ ಮಾತು ಸಿಗಲಿಲ್ಲ;
ಬಲಗೈಯೇ ಎದ್ದು, ಬ್ಯಾಂಡೇಜಿನ ಸಮೇತ,
ಮೇಜಿನ ಮೇಲೆ ಇಲ್ಲದ ಮೀನೊಂದನ್ನು ತಳ್ಳಿತು,
ತಳ್ಳುತ್ತ ಹೋಗಿ ಅಂಚಿನಲ್ಲಿ ನಿಂತಿತು.
ಇಗೋ, ಇಲ್ಲಿ.
ತೋರಿಸಿದ್ದು ಇಲ್ಲದ ಬೆರಳು.
ಅವಳಿಗೆ ಕಾಣಿಸಿತು.
ತನ್ನ ಹತ್ತನ್ನೂ ಕೋಟಿನ ಜೇಬಿಗಿಳಿಸಿ
ಮಳೆಗೆ ಹೊರಟಳು.

ಇನ್ನು ಹನ್ನೊಂದು ದಿನ.
ಬೆರಳು ಮಡಚಿ ಎಣಿಸುತ್ತೇನೆ,
ಒಂಬತ್ತಾದ ಮೇಲೆ
ಎರಡು ದಿನ ಹೊರಗೇ ಉಳಿಯುತ್ತವೆ.